ಪಡುಬಿದ್ರಿ–ಕಾರ್ಕಳ ದಾರಿಯಲ್ಲಿ ತುಸು ನಿಧಾನವಾಗಿ

ಏಪ್ರಿಲ್ ತಿಂಗಳು ಮುಗಿಯುತ್ತ ಬಂದಂತೆ ನಮ್ಮ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ಯಾವುದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. "ಊರಿಗೆ ಯಾವಾಗ?" ಅಷ್ಟೇ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಮದುವೆ, ಗೃಹಪ್ರವೇಶ, ಬ್ರಹ್ಮಕಲಶ, ನೇಮ ಎಂದು ಊರಿನಿಂದ ಬಂದ ಆಮಂತ್ರಣ ಪತ್ರಿಕೆಗಳು ದೇವರ ಕೋಣೆಯ ಗೂಡಿನಲ್ಲಿ ರಾಶಿ ಬಿದ್ದಿರುತ್ತವೆ. ರೈಲಿನ ಟಿಕೇಟು ಸಿಕ್ಕಿದವರು ಭಾಗ್ಯವಂತರು. ಸಿಗದವರು ಈಗ ಸ್ವಂತ ಕಾರಿನಲ್ಲೇ ಹೊರಡುತ್ತಾರೆ. ಹೋಗಿ ಬಂದ ಮೇಲೆ ಸಂಘದ ಕಚೇರಿಯಲ್ಲಿ ಕೂತು ಹೇಳುವ ಮಾತೂ ಒಂದೇ: "ಈ ಸಲ ಇಷ್ಟು ಗಂಟೆಯಲ್ಲಿ ಮುಟ್ಟಿದೆವು ಮಾರಾಯ್ರೇ!"

ಎಷ್ಟು ಬೇಗ ಮುಟ್ಟಿದೆವು ಎನ್ನುವುದನ್ನು ಎಲ್ಲರೂ ಹೇಳುತ್ತಾರೆ. ಯಾವ ದಾರಿಯಲ್ಲಿ ಬಂದೆವು, ದಾರಿಯಲ್ಲಿ ಏನಿತ್ತು ಎಂದು ಹೇಳುವವರು ಕಡಿಮೆ. ಇವತ್ತು ನಾನು ನಿಮ್ಮನ್ನು ಕರೆದೊಯ್ಯಬೇಕೆಂದಿರುವುದು ಅಂಥ ಒಂದು ದಾರಿಗೆ. ಉದ್ದ ಹೆಚ್ಚಿಲ್ಲ, ಸುಮಾರು 28 ಕಿಲೋಮೀಟರು. ಕಾರಿನಲ್ಲಿ ಅರ್ಧ, ಮುಕ್ಕಾಲು ಗಂಟೆ. ಆದರೆ ಈ ದಾರಿಯಲ್ಲಿ ಒಮ್ಮೆ ನಾನು ತಡವಾಗಿ ತಲುಪಿದೆ. ಇನ್ನೊಮ್ಮೆ ಬೇಗ ತಲುಪುವ ಆತುರದಲ್ಲಿ ಇನ್ನೇನು ದೊಡ್ಡ ಅನಾಹುತ ಮಾಡುವುದರಲ್ಲಿದ್ದೆ. ಎರಡನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ದಾರಿಯ ಪರಿಚಯ ಆಗಲಿ.

ಒಂದನೆಯ ನಂಬರಿನ ಹೆದ್ದಾರಿ

ಉಡುಪಿಯಿಂದ ಮಂಗಳೂರಿಗೆ ಹೋಗುವ ಕರಾವಳಿಯ ದೊಡ್ಡ ಹೆದ್ದಾರಿ ನಿಮಗೆಲ್ಲ ಗೊತ್ತು. ನಮ್ಮ ಬಾಯಲ್ಲಿ ಅದಿನ್ನೂ 'ಹದಿನೇಳು'. ಆದರೆ 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಅದು 66 ಆಯಿತು. ಆ ಹೆದ್ದಾರಿಯಲ್ಲಿ ಉಡುಪಿಯನ್ನೂ ಕಾಪುವನ್ನೂ ದಾಟಿ, ಮುಲ್ಕಿಗೆ ಮೊದಲು ಸಿಗುವುದು ಪಡುಬಿದ್ರಿ. ಪೇಟೆಯ ನಡುವಿನಿಂದ ಪೂರ್ವಕ್ಕೆ ಒಂದು ರಸ್ತೆ ತಿರುಗುತ್ತದೆ. ಅದೇ ಕಾರ್ಕಳದ ರಸ್ತೆ. ಅತ್ತ ಕಾರ್ಕಳದಲ್ಲಿ ಅದು ಮಂಗಳೂರಿನಿಂದ ಮೂಡುಬಿದಿರೆಯ ಮೇಲಾಗಿ ಶೃಂಗೇರಿ, ಶಿವಮೊಗ್ಗಗಳ ಕಡೆಗೆ ಏರುವ ಇನ್ನೊಂದು ರಾಷ್ಟ್ರೀಯ ಹೆದ್ದಾರಿಯನ್ನು ಮುಟ್ಟುತ್ತದೆ. ಕಡಲ ಬದಿಯ ದೊಡ್ಡ ದಾರಿಗೂ ಘಟ್ಟದ ಬದಿಯ ದೊಡ್ಡ ದಾರಿಗೂ ನಡುವೆ ಕಟ್ಟಿದ ಹಗ್ಗದಂತೆ ಇದು. ಹಗ್ಗದ ಉದ್ದಕ್ಕೂ ಗಂಟು ಹಾಕಿದಂತೆ ನಮ್ಮ ಸಣ್ಣ ಪೇಟೆಗಳು: ನಂದಿಕೂರು, ಅಡ್ವೆ, ಕಾಂಜರಕಟ್ಟೆ, ಬೆಳ್ಮಣ್, ಮಂಜರಪಲ್ಕೆ, ನಿಟ್ಟೆ.

ನಿಮಗೆ ಆಶ್ಚರ್ಯವಾಗಬಹುದಾದ ಒಂದು ಸಂಗತಿ: ಕರ್ನಾಟಕದ ರಾಜ್ಯ ಹೆದ್ದಾರಿಗಳ ಪಟ್ಟಿಯಲ್ಲಿ ಒಂದನೆಯ ನಂಬರು ಬೆಂಗಳೂರಿನ ಯಾವುದೋ ರಸ್ತೆಗಲ್ಲ, ಇದಕ್ಕೆ. ಪಡುಬಿದ್ರಿಯಲ್ಲಿ ಹೊರಟು ಮಲೆನಾಡನ್ನು ಹಾದು ಧಾರವಾಡದ ಸೀಮೆಯನ್ನು ಕಂಡು ಬೆಳಗಾವಿ ಜಿಲ್ಲೆಯ ಚಿಕ್ಕಲಗುಡ್ಡದವರೆಗೆ ಹೋಗುವ ರಾಜ್ಯ ಹೆದ್ದಾರಿ 1ರ ಮೊದಲ ತುಂಡು ಇದು. ಬೋರ್ಡಿನಲ್ಲಿ ಆ ಅಂಕಿ ಇದ್ದರೂ ನಾವು ಯಾರೂ ಅದನ್ನು ಓದಿದವರಲ್ಲ. ನಮಗದು 'ಕಾರ್ಲದ ರೋಡು'. ಕಾರ್ಕಳವನ್ನು ತುಳುವರು ಕಾರ್ಲವೆಂದೇ ಅನ್ನುವುದು.

ಪಡುಬಿದ್ರಿಯ ಮೂಲೆ

ಪಡುಬಿದ್ರಿ ಎಂದರೆ ಪಡುವಣದ ಬಿದಿರೆ, ಮೂಡುಬಿದಿರೆ ಎಂದರೆ ಮೂಡಣದ ಬಿದಿರೆ ಎಂದು ಹಿರಿಯರು ಹೇಳುತ್ತಾರೆ. ಮಹಾಲಿಂಗೇಶ್ವರ ಮಹಾಗಣಪತಿಯ ದೇವಸ್ಥಾನ, ಎರಡು ವರ್ಷಕ್ಕೊಮ್ಮೆ ಬ್ರಹ್ಮಸ್ಥಾನದಲ್ಲಿ ನಡೆಯುವ ಢಕ್ಕೆಬಲಿ ಇವುಗಳಿಂದ ಊರಿಗೆ ಹೆಸರು. ಇಲ್ಲಿಯ ಕಡಲತೀರಕ್ಕೆ 2020ರಲ್ಲಿ 'ಬ್ಲೂ ಫ್ಲ್ಯಾಗ್' ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದ ಮೇಲೆ ಪರವೂರಿನವರೂ ಬರತೊಡಗಿದ್ದಾರೆ.

ಆದರೆ ನಮ್ಮಂಥವರಿಗೆ ಪಡುಬಿದ್ರಿ ಎಂದರೆ ಇಳಿದು ಕಾಯುವ ಮೂಲೆ. ಬೊಂಬಾಯಿಯ ಬಸ್ಸು ನಮ್ಮನ್ನು ಇಲ್ಲಿ ಇಳಿಸಿ, ಟಾಪಿನ ಮೇಲಿಂದ ಟ್ರಂಕು, ಹಾಸಿಗೆ ಸುರುಳಿಗಳನ್ನು ಕೆಳಗೆ ಹಾಕಿ ಮಂಗಳೂರಿನ ಕಡೆಗೆ ಹೋಗಿಬಿಡುತ್ತಿತ್ತು. ಎದುರಿನಲ್ಲೇ ಕಾರ್ಕಳದ ಸರ್ವಿಸ್ ಬಸ್ಸು ಗುರುಗುಟ್ಟುತ್ತ ನಿಂತಿರುತ್ತಿತ್ತು. ಕಂಡಕ್ಟರ್ ಒಂದು ಕಾಲು ಫುಟ್‌ಬೋರ್ಡಿನ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು "ಬೆಳ್ಮಣ್ ನಿಟ್ಟೆ ಕಾರ್ಲ, ಕಾರ್ಲ, ಕಾರ್ಲ" ಎಂದು ಒಂದೇ ಉಸಿರಿನಲ್ಲಿ ಕೂಗುವುದು. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ನಮಗೆ ಊರು ಬಂತು ಅನ್ನಿಸುತ್ತಿದ್ದದ್ದು. ನಮ್ಮ ಜಿಲ್ಲೆಯ ಖಾಸಗಿ ಬಸ್ಸುಗಳ ಕಂಡಕ್ಟರರ ನೆನಪಿನ ಶಕ್ತಿ ನಿಮಗೆ ಗೊತ್ತಲ್ಲ. ಎರಡು ವರ್ಷದ ನಂತರ ಬಂದವನ ಮುಖ ನೋಡಿ "ಯಾವಾಗ ಬಂದದ್ದು? ಅಪ್ಪ ನಿನ್ನೆ ಪೇಟೆಗೆ ಬಂದಿದ್ರು" ಎಂದು ಟಿಕೇಟು ಹರಿಯುವ ಮೊದಲೇ ಮನೆಯ ವರ್ತಮಾನ ಕೊಡುತ್ತಿದ್ದರು.

1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿ ತೆರೆದ ಮೇಲೆ ಈ ಮೂಲೆಯ ಗದ್ದಲ ಕಡಿಮೆಯಾಯಿತು. ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗಿಗೆ ಮುಲ್ಕಿಯಲ್ಲೋ ಉಡುಪಿಯಲ್ಲೋ ಇಳಿಯಬಹುದು. ಪಡುಬಿದ್ರಿಗೂ ನಂದಿಕೂರಿಗೂ ಸ್ಟೇಷನ್ನುಗಳಿವೆ, ಆದರೆ ಅವು ಸಣ್ಣವು. ನಾನು ಹೇಳುವ ಮೊದಲನೆಯ ಘಟನೆ ರೈಲಿಗಿಂತ ಹದಿನಾಲ್ಕು ವರ್ಷ ಹಿಂದಿನದು.

ತಡವಾದ ರಾತ್ರಿ

1984ರ ಜೂನ್ ತಿಂಗಳು. ನಾನು ಆಗ ಮುಂಬಯಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಮೊದಲು ಫೋರ್ಟಿನಲ್ಲಿ ಸಂಬಂಧಿಕರ ಹೋಟೆಲು, ರಾತ್ರಿ ಕನ್ನಡ ಶಾಲೆ, ಆಮೇಲೆ ಒಂದು ಕಂಪೆನಿಯಲ್ಲಿ ಗುಮಾಸ್ತನ ಕೆಲಸ. ನಿಮ್ಮಲ್ಲಿ ಬಹಳ ಜನರ ಕಥೆಯೂ ಇದೇ. ಒಂದು ಮಧ್ಯಾಹ್ನ ಟೆಲಿಗ್ರಾಂ ಬಂತು: ತಂದೆಗೆ ಜೋರಾಗಿದೆ, ಕೂಡಲೇ ಹೊರಡು. ಟೆಲಿಗ್ರಾಂ ಸೇವೆ 2013ರಲ್ಲಿ ನಿಂತೇ ಹೋಯಿತು. ಆದರೆ ಆ ಕಾಗದವನ್ನು ಕಂಡಾಗ ಕೈ ನಡುಗುತ್ತಿದ್ದದ್ದು ನಮ್ಮ ಪ್ರಾಯದವರಿಗೆ ಮರೆಯುವ ಸಂಗತಿಯಲ್ಲ.

ಅದೇ ಸಂಜೆ ಹುಬ್ಬಳ್ಳಿ ಮಾರ್ಗದ ಬಸ್ಸು ಹತ್ತಿದೆ. ಮರುದಿನ ಸಂಜೆಗೆ ಮನೆಯಲ್ಲಿರಬೇಕಿತ್ತು. ಯಲ್ಲಾಪುರ ದಾಟಿ ಅರಬೈಲ್ ಘಾಟಿಗೆ ಬಂದಾಗ ಮಳೆಗೆ ಮರ ಬಿದ್ದು ಲಾರಿಗಳ ಸಾಲು ನಿಂತಿತ್ತು. ಅಲ್ಲಿ ನಾಲ್ಕು ಗಂಟೆ ಹೋಯಿತು. ಪಡುಬಿದ್ರಿಯಲ್ಲಿ ಇಳಿದಾಗ ರಾತ್ರಿ ಹತ್ತು ಕಳೆದಿತ್ತು. ಕಾರ್ಕಳದ ಕೊನೆಯ ಬಸ್ಸು ಹೋಗಿಯಾಗಿತ್ತು. ಪೇಟೆಯಲ್ಲಿ ಕರೆಂಟಿಲ್ಲ. ಮಳೆ ಎಂದರೆ ಆಟಿ ತಿಂಗಳ ಮಳೆಯನ್ನೂ ಮೀರಿಸುವ ಮಳೆ. ಬಾಡಿಗೆ ಕಾರು ಸಿಗುವ ಜಾಗದಲ್ಲಿ ಕಾರೇ ಇರಲಿಲ್ಲ.

ಮೂಲೆಯ ಚಾದಂಗಡಿಯವರು ಹಲಗೆ ಹಾಕುತ್ತಿದ್ದರು. ವಯಸ್ಸಾದವರು. ವಿಷಯ ಕೇಳಿ, ಒಲೆಯ ಕೆಂಡ ಕೆದಕಿ ಒಂದು ಗ್ಲಾಸು ಚಾ ಮಾಡಿಕೊಟ್ಟರು. "ಅಡ್ವೆಯ ಹತ್ತಿರ ಗದ್ದೆನೀರು ರಸ್ತೆಗೆ ಬಂದಿದೆಯಂತೆ. ಈಗ ಹೊರಡುದು ಬೇಡ ಮಗಾ. ಇಲ್ಲೇ ಬೆಂಚಿನಲ್ಲಿ ಅಡ್ಡಾಗು. ಬೆಳಿಗ್ಗೆ ಮೊದಲಿನ ಬಸ್ಸಿಗೆ ಹೋಗು" ಎಂದರು. ನಮ್ಮ ಮನೆ ಬೆಳ್ಮಣ್ ದಾಟಿದ ಮೇಲೆ, ಅಲ್ಲಿಂದ ಸುಮಾರು 15 ಕಿಲೋಮೀಟರು. ನಡೆದರೆ ನಾಲ್ಕು ಗಂಟೆಯ ದಾರಿ. ಇಪ್ಪತ್ತೆಂಟು ವರ್ಷದ ಗಂಡಸಿಗೆ ಅದೊಂದು ದೊಡ್ಡ ದೂರವಲ್ಲ. ಆದರೆ ಇಪ್ಪತ್ತೆಂಟು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದೆ, ಮೈ ನೆನೆದಿತ್ತು. ಅವರ ಮಾತು ಸರಿ ಅನ್ನಿಸಿತು. ಮಲಗಿದೆ. ನಿದ್ದೆಯೂ ಬಂತು.

ಬೆಳಗಿನ ಮೊದಲ ಬಸ್ಸಿನಲ್ಲಿ ಹೋಗಿ ಮನೆಯ ಹತ್ತಿರ ಇಳಿದಾಗ ಅಂಗಳದಲ್ಲಿ ಜನ ಸೇರಿದ್ದರು. ತಂದೆ ನಸುಕಿನ ಮೂರರ ಸುಮಾರಿಗೆ ಹೋಗಿಬಿಟ್ಟಿದ್ದರು. ನಮ್ಮ ಮನೆಯ ಜಗಲಿಗೆ ರಸ್ತೆಯ ಸದ್ದು ಚೆನ್ನಾಗಿ ಕೇಳುತ್ತದೆ. ಸಂಜೆಯಿಂದ ಒಂದೊಂದು ಬಸ್ಸಿನ ಹಾರ್ನ್ ಕೇಳಿದಾಗಲೂ "ಬಸ್ಸು ನಿಂತಿತಾ?" ಎಂದು ಕೇಳುತ್ತಿದ್ದರೆಂದು ಅತ್ತಿಗೆ ಹೇಳಿದರು. ಕೊನೆಯ ಬಸ್ಸು ಹೋದ ಮೇಲೆ ಕೇಳುವುದನ್ನು ನಿಲ್ಲಿಸಿದರಂತೆ.

ನಡೆದಿದ್ದರೆ ಎರಡು ಗಂಟೆ ರಾತ್ರಿಗೆ ಮುಟ್ಟುತ್ತಿದ್ದೆ. ಈ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ ದೇವರೇ ಬಲ್ಲ. ಚಾದಂಗಡಿಯವರ ಮೇಲೆ ನನಗೆ ಯಾವತ್ತೂ ಬೇಸರ ಬಂದದ್ದಿಲ್ಲ. ಅವರು ಪರರ ಮಗನನ್ನು ತನ್ನ ಮಗನಂತೆ ನೋಡಿ ಹೇಳಿದ ಮಾತದು. ಹೊರಡಬೇಕಾಗಿದ್ದವನು ನಾನು.

ಅಗಲವಾದ ರಸ್ತೆ

ಅಂದಿನ ರಸ್ತೆಗೂ ಇಂದಿನ ರಸ್ತೆಗೂ ಅಜಗಜಾಂತರ. ಅಂದು ಎದುರಿನಿಂದ ಲಾರಿ ಬಂದರೆ ಬಸ್ಸು ಮಣ್ಣಿಗೆ ಇಳಿಯಬೇಕಿತ್ತು. ಎರಡೂ ಬದಿಯಲ್ಲಿ ಮಾವು, ಹಲಸು, ಧೂಪದ ಮರಗಳು. ಬೇಸಗೆಯಲ್ಲಿ ಬಸ್ಸಿನ ಟಾಪಿಗೆ ಕೊಂಬೆ ತಾಗಿ ಮಾವಿನಕಾಯಿ ಉದುರುವುದೂ ಉಂಟು. ಕಳೆದ ದಶಕದಲ್ಲಿ ರಸ್ತೆಯನ್ನು ಅಗಲ ಮಾಡಿದರು, ಎಷ್ಟೋ ತಿರುವುಗಳನ್ನು ನೇರ ಮಾಡಿದರು. ಮರಗಳು ಹೋದವು. ನಮ್ಮ ಮನೆಯ ಮುಂದಿನ ಮುರಕಲ್ಲಿನ ಗೋಡೆ, ಗೇಟಿನ ಪಕ್ಕದ ಹಲಸಿನ ಮರ, ಎರಡು ತೆಂಗಿನ ಮರ ಕೂಡ ಹೋದವು. ಆ ಹಲಸಿನ ಬುಡದಲ್ಲೇ ತಂದೆ ಬಸ್ಸಿಗೆ ಕಾಯುತ್ತ ನಿಲ್ಲುತ್ತಿದ್ದದ್ದು.

ಸುಮ್ಮನೆ ದೂರುವುದು ನನ್ನ ಉದ್ದೇಶವಲ್ಲ. ಮಳೆಗಾಲದಲ್ಲಿ ಬಸುರಿ ಹೆಂಗಸನ್ನು ಕಾರ್ಕಳದ ಆಸ್ಪತ್ರೆಗೆ ಸಾಗಿಸಲು ಪಟ್ಟ ಪಾಡು ನೋಡಿದವರು ಒಳ್ಳೆಯ ರಸ್ತೆ ಬೇಡವೆನ್ನಲಾರರು. ಅಂದು ಇಂಥ ರಸ್ತೆ ಇದ್ದಿದ್ದರೆ, ಆ ರಾತ್ರಿ ಒಂದು ರಿಕ್ಷಾವಾದರೂ ಸಿಕ್ಕಿದ್ದರೆ ಎಂದು ನಾನೇ ಹಂಬಲಿಸಿದ್ದೇನೆ. ರಸ್ತೆ ಆದ ಮೇಲೆ ಅದಕ್ಕೆ ಸುಂಕ ವಸೂಲಿ ಮಾಡುವ ಮಾತೂ ಬಂತು. 2024ರಲ್ಲಿ ಪಡುಬಿದ್ರಿಯ ಕಂಚಿನಡ್ಕದಲ್ಲಿ ಟೋಲ್ ಗೇಟು ಕಟ್ಟುವ ಪ್ರಸ್ತಾಪಕ್ಕೆ ಊರಿನವರು ಬೀದಿಗಿಳಿದು ಪ್ರತಿಭಟಿಸಿದರು. ಅವರ ವಾದ ಸರಳ. ದೂರದ ಊರಿಗೆ ಹೋಗುವವನು ವರ್ಷಕ್ಕೊಮ್ಮೆ ಟೋಲ್ ಕೊಟ್ಟಾನು. ಬೆಳ್ಮಣ್‌ನವನು ಪಡುಬಿದ್ರಿಗೆ ಮೀನಿಗೆ ಹೋಗುವಾಗಲೂ ಕೊಡಬೇಕೇ?

ಈಗ ದಾರಿ ಹಿಡಿಯೋಣ. ಪಡುಬಿದ್ರಿ ಬಿಟ್ಟ ಸ್ವಲ್ಪ ಹೊತ್ತಿಗೆ ನಂದಿಕೂರು. ಆಕಾಶಕ್ಕೆ ಏರಿದ ಹೊಗೆಗೊಳವೆ ದೂರದಿಂದಲೇ ಕಾಣುತ್ತದೆ. ಅದು ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದ್ದು, 1200 ಮೆಗಾವಾಟಿನದು. ಮೊದಲ ಘಟಕ 2010ರಲ್ಲಿ ಶುರುವಾಯಿತು. ಹೊರದೇಶದ ಕಲ್ಲಿದ್ದಲು ನವಮಂಗಳೂರು ಬಂದರಿಗೆ ಬಂದು ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ ಬರುತ್ತದೆ. ನಾಡಿಗೆ ಬೆಳಕು ಬಂತು, ನಿಜ. ಹಾರುಬೂದಿ ಮತ್ತು ಉಪ್ಪುನೀರಿನ ಹನಿಯಿಂದ ಬೆಳೆ ಹಾಳಾಗುತ್ತಿದೆ ಎಂಬ ಸುತ್ತಲಿನ ಕೃಷಿಕರ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು ಎಂಬುದೂ ನಿಜ.

ಮುಂದೆ ಅಡ್ವೆ. ಇಲ್ಲಿಯ ಕೋಟಿ–ಚೆನ್ನಯ ಕಂಬಳದ ಹೆಸರು ಕೇಳದ ತುಳುವರಿಲ್ಲ. ಕಂಬಳ ನಿಲ್ಲುತ್ತದೋ ಎಂಬ ಆತಂಕ ಕೆಲವು ವರ್ಷ ಇತ್ತು. 2017ರಲ್ಲಿ ರಾಜ್ಯ ತಂದ ಕಾನೂನು ತಿದ್ದುಪಡಿಯನ್ನು 2023ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಆ ಆತಂಕ ದೂರವಾಯಿತು. ಕಂಬಳದ ಋತುವಲ್ಲದಾಗ ಈ ಗದ್ದೆಗಳನ್ನು ನೋಡಿ 'ಇಷ್ಟೇನಾ?' ಎನ್ನಬೇಡಿ. ಕೋಣಗಳೂ ಕಹಳೆಯೂ ಜನವೂ ಸೇರಿದಾಗ ಅದು ಬೇರೆಯೇ ಲೋಕ.

ಕಾಂಜರಕಟ್ಟೆ ದಾಟಿದರೆ ಬೆಳ್ಮಣ್. ದುರ್ಗಾಪರಮೇಶ್ವರಿಯ ದೇವಸ್ಥಾನ, ಸಂತ ಜೋಸೆಫರ ಇಗರ್ಜಿ, ಅಂಗಡಿ ಸಾಲು, ಶಿರ್ವಕ್ಕೂ ಮುಂಡ್ಕೂರಿಗೂ ತಿರುಗುವ ದಾರಿಗಳು. ಈ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಮಾತಾಡಿಸಿ ನೋಡಿ. ಮಗನೋ ತಮ್ಮನೋ ಭಾವನೋ ಮುಂಬಯಿಯಲ್ಲಿ ಇಲ್ಲದವರು ಅಪರೂಪ. ಘಾಟ್ಕೋಪರ್, ಭಾಂಡುಪ್, ಡೊಂಬಿವಿಲಿಗಳ ಹೆಸರು ಇಲ್ಲಿಯ ಮುದುಕಿಯರ ಬಾಯಲ್ಲಿ ಪಕ್ಕದ ಗ್ರಾಮದ ಹೆಸರಿನಂತೆ ಬರುತ್ತವೆ.

ನಂದಳಿಕೆಯ ಕವಿ

ಬೆಳ್ಮಣ್‌ನ ಆಸುಪಾಸಿನಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ಹೋದರೆ ನಂದಳಿಕೆ. ದಯವಿಟ್ಟು ಹೋಗಿ. ಇದು ಮುದ್ದಣನ ಊರು. ನಂದಳಿಕೆ ಲಕ್ಷ್ಮೀನಾರಣಪ್ಪ ಹುಟ್ಟಿದ್ದು 1870ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಬದುಕಿದ್ದು ಮೂವತ್ತೊಂದೇ ವರ್ಷ. ಉಡುಪಿ, ಕುಂದಾಪುರಗಳ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರಾಗಿದ್ದ ಈ ಬಡವ 'ರತ್ನಾವತಿ ಕಲ್ಯಾಣ', 'ಕುಮಾರವಿಜಯ' ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದ. ಆಮೇಲೆ ಹಳಗನ್ನಡದಲ್ಲಿ 'ಅದ್ಭುತ ರಾಮಾಯಣ', 'ರಾಮಪಟ್ಟಾಭಿಷೇಕ', 'ರಾಮಾಶ್ವಮೇಧ' ಬರೆದು, ತಾನು ಬರೆದದ್ದೆಂದು ಹೇಳಿಕೊಳ್ಳದೆ, ಹಳೆಯ ಕವಿಯೊಬ್ಬನ ಕೃತಿಗಳೆಂದು ಮೈಸೂರಿಗೆ ಕಳಿಸಿಕೊಟ್ಟ. ವಿದ್ವಾಂಸರೂ ನಂಬಿದರು. ಮುದ್ದಣನೆಂದರೆ ಈ ವ್ಯಾಯಾಮದ ಮೇಷ್ಟ್ರೇ ಎಂಬುದು ನಾಡಿಗೆ ಗೊತ್ತಾಗುವಷ್ಟರಲ್ಲಿ ಕ್ಷಯರೋಗ ಅವನನ್ನು ಒಯ್ದಾಗಿತ್ತು. ತಡವಾಗಿ ಬಂದವರಲ್ಲಿ ನಾನೊಬ್ಬನೇ ಅಲ್ಲ ಎಂದು ಅಲ್ಲಿ ನಿಂತಾಗ ನನಗೆ ಅನ್ನಿಸಿದ್ದುಂಟು.

ಇದೇ ನಂದಳಿಕೆಯ ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಹುಣ್ಣಿಮೆಯ ರಾತ್ರಿ ನಡೆಯುವ ಸಿರಿ ಜಾತ್ರೆ ತುಳುನಾಡಿಗೇ ಪ್ರಸಿದ್ಧ. ನೂರಾರು ಹೆಂಗಸರು ಹಿಂಗಾರದ ಹೂವು ಹಿಡಿದು ಸಿರಿಯ ಕಥೆಯನ್ನು ಮೈಮೇಲೆ ತಂದುಕೊಂಡು ಹಾಡುವ ಆ ರಾತ್ರಿಯನ್ನು ಬರಹದಲ್ಲಿ ಹೇಳಲು ಬಾರದು. ನೋಡಿಯೇ ತಿಳಿಯಬೇಕು.

ಹೆದ್ದಾರಿಗೆ ಮರಳಿ ಮಂಜರಪಲ್ಕೆ ದಾಟಿದರೆ ನಿಟ್ಟೆ. ನಾನು ಹುಡುಗನಾಗಿದ್ದಾಗ ನಿಟ್ಟೆಯೆಂದರೆ ಕಾಡು, ಪಾದೆಕಲ್ಲು, ಅಲ್ಲೊಂದು ಇಲ್ಲೊಂದು ಮನೆ. ಈ ನೆಲದ ಜಸ್ಟಿಸ್ ಕೆ. ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದು, 1973ರಲ್ಲಿ ತಮ್ಮ ಹಿರಿತನವನ್ನು ಕಡೆಗಣಿಸಿದಾಗ ರಾಜೀನಾಮೆ ಕೊಟ್ಟವರು, ಮುಂದೆ ಲೋಕಸಭೆಯ ಸ್ಪೀಕರ್ ಆದವರು. ಅವರು 1979ರಲ್ಲಿ ಇಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. 1986ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂತು. ನಾವು ಕಲಿಯಲೆಂದು ಊರು ಬಿಟ್ಟು ಹೋದ ಅದೇ ರಸ್ತೆಯಲ್ಲಿ ಇಂದು ಎಲ್ಲೆಲ್ಲಿಯ ಮಕ್ಕಳೋ ಕಲಿಯಲೆಂದು ಬಂದು ಇಳಿಯುತ್ತಾರೆ. ದಾರಿ ಅದೇ, ದಿಕ್ಕು ಬೇರೆ.

ಅಲ್ಲಿಂದ ಕಾರ್ಕಳ ದೂರವಿಲ್ಲ. ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೆ ಜನವರಿಯ ಹಬ್ಬದಲ್ಲಿ ಜಾತಿಮತ ನೋಡದೆ ಜನ ಮೇಣದ ಬತ್ತಿ ಹಿಡಿದು ಬರುತ್ತಾರೆ. 2016ರಲ್ಲಿ ಅದಕ್ಕೆ ಬೆಸಿಲಿಕಾ ಎಂಬ ಮನ್ನಣೆ ದೊರೆಯಿತು. ಕಾರ್ಕಳದ ಬಂಡೆಯ ಮೇಲೆ 42 ಅಡಿಯ ಬಾಹುಬಲಿ ನಿಂತಿದ್ದಾನೆ. ವೀರಪಾಂಡ್ಯ ಭೈರರಸ ಅವನನ್ನು ನಿಲ್ಲಿಸಿದ್ದು 1432ರಲ್ಲಿ. ಬೇರೆಡೆ ಕಡೆದ ವಿಗ್ರಹವನ್ನು ಬಂಡಿಗೆ ಹೇರಿ, ಸಾವಿರಾರು ಜನ ಎಳೆದು ಗುಡ್ಡಕ್ಕೇರಿಸಿದ ಕಥೆಯನ್ನು ಚಂದ್ರಮ ಕವಿ ಹಾಡಿದ್ದಾನೆ. ಡಾಮರಿಲ್ಲದ ಕಾಲದಲ್ಲಿ ಅಂಥ ಭಾರ ಹೊತ್ತು ಸಾಗಿದವರಿಗೆ ಅವಸರವಿದ್ದಿರಲಿಕ್ಕಿಲ್ಲ. ಎದುರಿನಲ್ಲೇ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಒಂದೇ ರೀತಿಯ ಬಾಗಿಲು. ಯಾವ ದಾರಿಯಿಂದ ಬಂದವನಿಗೂ ಎದುರಾಗಿ ತೆರೆದ ಮನೆ ಅದು.

ಹಾಲಿನ ಕ್ಯಾನು

ಈಗ ಎರಡನೆಯ ಘಟನೆ. ಇದು 2023ರ ಮೇ ತಿಂಗಳಿನದು. ಮಗ ಹೊಸ ಕಾರು ತೆಗೆದಿದ್ದ. ಡೊಂಬಿವಿಲಿಯಲ್ಲೇ ಹುಟ್ಟಿ ಬೆಳೆದವನು. ತುಳು ಮಾತಾಡುತ್ತಾನೆ, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾನೆ. ಬೆಳಗ್ಗೆ ಪಡುಬಿದ್ರಿಯಲ್ಲಿ ಗೋಳಿಬಜೆ, ಚಾ ಮುಗಿಸಿ ಹೊರಟೆವು. ಮಧ್ಯಾಹ್ನ ಒಳಗೆ ಕಾರ್ಕಳದ ಒಂದು ಮದುವೆಗೆ ಮುಖ ತೋರಿಸಬೇಕಿತ್ತು, ಅದಕ್ಕೆ ಮೊದಲು ಮನೆಗೆ ಹೋಗಿ ಬಟ್ಟೆ ಬದಲಿಸಬೇಕಿತ್ತು. ಮುಂದಿನ ಸೀಟಿನಲ್ಲಿ ಕೂತು "ಸ್ವಲ್ಪ ಬೇಗ ಬಿಡು, ಮುಹೂರ್ತ ತಪ್ಪುತ್ತದೆ" ಎಂದು ಹೇಳಿದವನು ನಾನೇ. ಇದನ್ನು ಮರೆಮಾಚಿದರೆ ಈ ಲೇಖನಕ್ಕೆ ಅರ್ಥವಿಲ್ಲ.

ಬೆಳ್ಮಣ್ ದಾಟಿ, ನಮ್ಮ ಮನೆಗೆ ಇನ್ನು ಎರಡು ಫರ್ಲಾಂಗು ಇರುವಾಗ ಒಂದು ತಿರುವು. ಮೊದಲು ಅಲ್ಲಿ ಕಣ್ಣು ಮರೆಯಾಗುವಷ್ಟು ಬಳುಕಿತ್ತು. ಈಗ ನೇರ ಮಾಡಿದ್ದಾರೆ, ಹಾಗಾಗಿ ಯಾರೂ ವೇಗ ಇಳಿಸುವುದಿಲ್ಲ. ಕೈಯಲ್ಲಿ ಹಾಲಿನ ಕ್ಯಾನು ಹಿಡಿದ ಒಬ್ಬ ಮುದುಕಿ ರಸ್ತೆಯ ಅರ್ಧಕ್ಕೆ ಬಂದಾಗಿತ್ತು. ಮಗ ಬ್ರೇಕು ತುಳಿದ. ಟಯರು ಕಿರುಚಿತು. ಕಾರು ನಿಂತಾಗ ಅವರಿಗೂ ಬಾನೆಟ್ಟಿಗೂ ನಡುವೆ ಒಂದು ಮಾರು ದೂರ. ಕ್ಯಾನು ಕೈತಪ್ಪಿ ಬಿದ್ದು, ಕಪ್ಪು ಡಾಮರಿನ ಮೇಲೆ ಹಾಲು ಹರಿಯುತ್ತಿತ್ತು.

ನಾನು ಇಳಿದು ಓಡಿದೆ. ಕೈಕಾಲಿನ ಬಲವೇ ಉಡುಗಿತ್ತು. ತುಳುವಿನಲ್ಲಿ ಏನೋ ಕ್ಷಮೆ ಕೇಳಿದೆ. ಅವರು ಕಣ್ಣಿಗೆ ಕೈ ಮರೆ ಮಾಡಿ ನೋಡಿ "ನೀನು ಯಾರ ಮಗ?" ಎಂದರು. ತಂದೆಯ ಹೆಸರು ಹೇಳಿದೆ. ಮುಖ ಅರಳಿತು. ನಮ್ಮ ಗದ್ದೆಯಾಚೆಯ ಮನೆಯ ದೊಡ್ಡಮ್ಮ! ತಂದೆ ತೀರಿದ ದಿನ ನಮ್ಮ ಅಡುಗೆಮನೆ ನೋಡಿಕೊಂಡವರು, ಒದ್ದೆ ಬಟ್ಟೆಯಲ್ಲಿ ಕೂತಿದ್ದ ನನಗೆ ಗಂಜಿ ತಂದು ಕೊಟ್ಟವರು. ನಾನೂ ಗುರುತು ಹಿಡಿದಿರಲಿಲ್ಲ.

ರಸ್ತೆ ಅಗಲವಾದ ಮೇಲೆ ಹಾಲಿನ ಸೊಸೈಟಿ ಆಚೆ ಬದಿ, ಅವರ ಮನೆ ಈಚೆ ಬದಿ. ದಿನಕ್ಕೆ ಎರಡು ಹೊತ್ತು ದಾಟಬೇಕು. "ಮೊದಲು ನಾಲ್ಕು ಹೆಜ್ಜೆ ಹಾಕಿದರೆ ಆಚೆ. ಈಗ ನಾನು ಆಚೆ ಮುಟ್ಟುವುದರೊಳಗೆ ಗಾಡಿ ಬಂದೇ ಬಿಡುತ್ತದೆ. ಬರುವುದು ಕಾಣುವುದೇ ಇಲ್ಲ ಮಗಾ" ಎಂದರು. ಚೆಲ್ಲಿದ ಹಾಲಿಗೆಂದು ನಾನು ಹಣ ತೆಗೆದೆ. ಅವರು ನನ್ನ ಕೈಯನ್ನು ಹಿಂದಕ್ಕೆ ತಳ್ಳಿದರು. "ಹಾಲಿಗೆ ದುಡ್ಡು ಸೊಸೈಟಿಯವರು ಕೊಡುತ್ತಾರೆ. ನೀವು ಬೊಂಬಾಯಿಯವರು ಮೆಲ್ಲ ಬನ್ನಿ, ಅಷ್ಟು ಸಾಕು" ಎಂದರು. ಆಮೇಲೆ ನನ್ನ ಮಗನ ಕೆನ್ನೆ ಮುಟ್ಟಿ "ಅಜ್ಜನದ್ದೇ ಮೂಗು" ಎಂದು ನಕ್ಕರು.

ಆ ಮದುವೆಗೆ ನಾವು ಹೋಗಲಿಲ್ಲ. ಆವತ್ತು ಸಂಜೆ ನಾನೂ ಮಗನೂ ನಡೆದುಕೊಂಡೇ ಅವರ ಮನೆಗೆ ಹೋದೆವು. ರಸ್ತೆ ದಾಟಲು ನಮಗೇ ಎಷ್ಟು ಹೊತ್ತು ಬೇಕಾಯಿತು ಗೊತ್ತೇ? ಐದು ನಿಮಿಷ. ಮಗ ಏನೂ ಮಾತಾಡಲಿಲ್ಲ. ಮರುದಿನ ನಂದಳಿಕೆಗೆ ಹೋಗುವಾಗ ಅವನು ಕಾರು ಬಿಟ್ಟ ವೇಗ ನೋಡಿ ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಬೈದು ಮುಂದೆ ಹೋದ. ಮಗ ಬೈಸಿಕೊಂಡು ಸುಮ್ಮನೆ ನಕ್ಕ. ಅಲ್ಲಿ ಮುದ್ದಣನ ಹೆಸರನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದ.

ಆತ್ಮೀಯ ಓದುಗರೇ, ಹೊತ್ತಿಗೆ ಸರಿಯಾಗಿ ತಲುಪದೆ ಜೀವಮಾನವಿಡೀ ನೊಂದವನು ನಾನು. ನಿಧಾನ ಹೋಗಿ ಎಂದು ನಿಮಗೆ ಹೇಳುವ ಅಧಿಕಾರ ನನಗೆ ಇದೆಯೋ ಇಲ್ಲವೋ ತಿಳಿಯದು. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಮೇಲೆ ನನಗೆ ತೋಚಿದ್ದು ಇಷ್ಟು. ಊರಿಗೆ ಬೇಗ ಹೋಗುವುದೆಂದರೆ ವರ್ಷದಲ್ಲಿ ಬೇಗ ಹೋಗುವುದು. ಕರೆ ಬರುವ ಮೊದಲು, ಹಿರಿಯರು ಜಗಲಿಯಲ್ಲಿ ಕೂತು ಮಾತಾಡುವ ಹಾಗಿರುವಾಗಲೇ ಹೋಗುವುದು. ಮುಂಬಯಿಯಲ್ಲಿ ಕಳೆದುಕೊಂಡ ವರ್ಷಗಳನ್ನು ಆ 28 ಕಿಲೋಮೀಟರಿನಲ್ಲಿ ಗಳಿಸಿಕೊಳ್ಳಲು ಆಗುವುದಿಲ್ಲ.

ಈ ಮೇ ತಿಂಗಳಲ್ಲಿ ನೀವು ಆ ದಾರಿಯಾಗಿ ಹೋಗುವುದಿದ್ದರೆ ಪಡುಬಿದ್ರಿಯ ಮೂಲೆಯಲ್ಲಿ ಇಳಿದು ಒಂದು ಚಾ ಕುಡಿಯಿರಿ. ಒಂದು ದಿನ ಕಾರು ಮನೆಯಲ್ಲೇ ಬಿಟ್ಟು ಸರ್ವಿಸ್ ಬಸ್ಸಿನಲ್ಲಿ ಕಾರ್ಕಳಕ್ಕೆ ಹೋಗಿ ಬನ್ನಿ, ಮಕ್ಕಳಿಗೆ ಕಂಡಕ್ಟರನ ಕೂಗು ಕೇಳಿಸಿ. ಬೆಳ್ಮಣ್ ದಾಟಿದ ಮೇಲೆ ರಸ್ತೆ ನೇರವಾಗಿರುವ ಕಡೆ, ಎಡಬದಿಯಲ್ಲಿ ಹಾಲಿನ ಕ್ಯಾನು ಹಿಡಿದು ಯಾರಾದರೂ ನಿಂತಿದ್ದರೆ ಕಾರು ನಿಲ್ಲಿಸಿ, ಅವರು ದಾಟುವವರೆಗೆ ಕಾಯಿರಿ. ಬೆಳಿಗ್ಗೆ ಆರೂವರೆ ಮತ್ತು ಸಂಜೆ ಐದರ ಹೊತ್ತು. ಮಾತಾಡಿಸಿದರೆ ಅವರೇ ಕೇಳುತ್ತಾರೆ, "ನೀನು ಯಾರ ಮಗ?" ಎಂದು. ನಿಮ್ಮ ತಂದೆಯ ಹೆಸರು ಹೇಳಿ. ಗೊತ್ತಿದ್ದರೂ ಇರಬಹುದು.